ಬಂದಿಲ್ಲವೋ, ಬರಲಿಲ್ಲವೋ: ಇಂಗ್ಲಿಷಿನ 'ಹ್ಯಾವ್' ಮತ್ತು 'ಹ್ಯಾಡ್' ಎಲ್ಲಿ ಕೂರುತ್ತವೆ

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಫೋನಿನಲ್ಲಿ "ಚಿತ್ರದುರ್ಗದ ಬಸ್ ಬಂದಿಲ್ಲ" ಅಂದರೆ, ಅವರು ಇನ್ನೂ ಅಲ್ಲೇ ಕಾಯುತ್ತಿದ್ದಾರೆ ಎಂದು ಆ ಕಡೆಯವರಿಗೆ ಗೊತ್ತಾಗುತ್ತದೆ. "ಚಿತ್ರದುರ್ಗದ ಬಸ್ ಬರಲಿಲ್ಲ" ಅಂದರೆ ಕಾಯುವುದು ಮುಗಿದಿದೆ. ಬೇರೆ ಬಸ್ ಹತ್ತಿದರೋ, ಮನೆಗೆ ವಾಪಸ್ ಬಂದರೋ, ಅದು ಮುಂದಿನ ಮಾತು. ಈ ವ್ಯತ್ಯಾಸವನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಶಾಲೆಗೆ ಹೋಗದ ಮಗುವೂ "ಅಪ್ಪ ಇನ್ನೂ ಬಂದಿಲ್ಲ" ಎಂದು ಬಾಗಿಲ ಕಡೆ ನೋಡುತ್ತದೆ, "ನಿನ್ನೆ ಅಜ್ಜಿ ಬರಲಿಲ್ಲ" ಎಂದು ದೂರು ಹೇಳುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದಿಲ್ಲ.

ಇಂಗ್ಲಿಷಿನಲ್ಲಿ ಇದೇ ಜೋಡಿ "ದ ಬಸ್ ಹ್ಯಾಸ್ ನಾಟ್ ಕಮ್" ಮತ್ತು "ದ ಬಸ್ ಡಿಡ್ ನಾಟ್ ಕಮ್". ಮೊದಲನೆಯದಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಎಂದೂ ಎರಡನೆಯದಕ್ಕೆ ಸಿಂಪಲ್ ಪಾಸ್ಟ್ ಎಂದೂ ಹೆಸರು. ಹೆಸರು, ಸೂತ್ರ ಎರಡನ್ನೂ ಕಂಠಪಾಠ ಮಾಡಿದವರು ಮಾತಿಗೆ ನಿಂತಾಗ ಎಡವುವುದು ಇಲ್ಲೇ. ಬೇಕಾದ ಅಳತೆಗೋಲು ನಮ್ಮ 'ಇಲ್ಲ' ಎಂಬ ಪದದಲ್ಲೇ ಇದೆ. ಅದನ್ನು ಬಳಸುವುದು ಹೇಗೆ, ಅದು ಯಾಕೆ ಕೈಕೊಡುವುದಿಲ್ಲ ಎನ್ನುವುದನ್ನು ಇಲ್ಲಿ ಬಿಡಿಸಿ ನೋಡೋಣ.

ಎರಡು 'ಇಲ್ಲ'ಗಳ ಒಳಗೆ

'ಬಂದಿಲ್ಲ' ಎಂಬ ಪದವನ್ನು ಒಡೆದರೆ 'ಬಂದು' ಮತ್ತು 'ಇಲ್ಲ' ಸಿಗುತ್ತವೆ. 'ಬರಲಿಲ್ಲ' ಎಂಬುದನ್ನು ಒಡೆದರೆ 'ಬರಲು' ಮತ್ತು 'ಇಲ್ಲ'. ಎರಡನೆಯದರಲ್ಲಿ 'ಬಂದ' ಎಂಬ ಭೂತಕಾಲದ ರೂಪವೇ ಇಲ್ಲ, ಆದರೂ ಇಡೀ ಪದ ಹಿಂದಿನ ಕಾಲವನ್ನೇ ಹೇಳುತ್ತದೆ.

ಇಂಗ್ಲಿಷಿನ ಕಟ್ಟಡವೂ ಹೀಗೇ ಇದೆ. 'ಹ್ಯಾಸ್ ನಾಟ್' ಅಥವಾ 'ಹ್ಯಾವ್ ನಾಟ್' ಆದಮೇಲೆ ಕ್ರಿಯಾಪದದ ಮೂರನೇ ರೂಪ ಬರುತ್ತದೆ: ಗಾನ್, ಸೀನ್, ಈಟನ್, ರಿಟನ್, ಟೇಕನ್. 'ಡಿಡ್ ನಾಟ್' ಆದಮೇಲೆ ಮೂಲರೂಪ: ಗೋ, ಸೀ, ಈಟ್, ರೈಟ್, ಟೇಕ್. ಹಿಂದಿನ ಕಾಲದ ಭಾರವನ್ನು 'ಡಿಡ್' ಒಂದೇ ಹೊತ್ತುಕೊಳ್ಳುತ್ತದೆ, ಮುಂದಿನ ಕ್ರಿಯಾಪದಕ್ಕೆ ಮತ್ತೆ ಹೊರಿಸಬೇಕಾಗಿಲ್ಲ. "ಐ ಡಿಡ್ ನಾಟ್ ವೆಂಟ್" ಎನ್ನುವುದು ಕನ್ನಡದಲ್ಲಿ "ನಾನು ಹೋದಲಿಲ್ಲ" ಅಂದಂತೆ. ನಮ್ಮಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಅದೇ ಕಾರಣಕ್ಕೆ "ಡಿಡ್ ಯೂ ಸಾ?", "ಡಿಡ್ ಯೂ ಕೇಮ್?" ಕೂಡ ಆಗುವುದಿಲ್ಲ. "ಡಿಡ್ ಯೂ ಸೀ?", "ಡಿಡ್ ಯೂ ಕಮ್?" ಸರಿ.

'ಕಮ್' ಎಂಬ ಪದ ಇಲ್ಲಿ ಸ್ವಲ್ಪ ಗೊಂದಲ ಮಾಡುತ್ತದೆ. ಅದರ ಮೂಲರೂಪವೂ ಮೂರನೇ ರೂಪವೂ ಒಂದೇ, ನಡುವಿನದು ಮಾತ್ರ 'ಕೇಮ್'. ಆದ್ದರಿಂದ "ಹೀ ಹ್ಯಾಸ್ ಕೇಮ್" ಎನ್ನುವ ತಪ್ಪು ಬಹಳ ಕೇಳಿಬರುತ್ತದೆ. "ಹೀ ಹ್ಯಾಸ್ ಕಮ್" ಎನ್ನಬೇಕು. "ಐ ಹ್ಯಾವ್ ವೆಂಟ್", "ಐ ಹ್ಯಾವ್ ಏಟ್", "ಐ ಹ್ಯಾವ್ ಸಾ" ಇವೂ ಇದೇ ಜಾತಿಯವು. ಹ್ಯಾವ್ ಪಕ್ಕದಲ್ಲಿ ಎರಡನೇ ರೂಪ ಎಂದೂ ಕೂರುವುದಿಲ್ಲ.

ಹೌದು ಎನ್ನುವ ವಾಕ್ಯಕ್ಕೆ ಬಂದರೆ, 'ಬಂದಿದ್ದೇನೆ' ಎಂಬುದು 'ಬಂದು' ಮತ್ತು 'ಇದ್ದೇನೆ' ಸೇರಿ ಆದದ್ದು. ಬಂದದ್ದು ಹಿಂದೆ, ಇರುವುದು ಈಗ. ನಮ್ಮ ಕಡೆ ಆಡುಮಾತಿನಲ್ಲಿ 'ಬಂದೀನಿ', 'ಬಂದಾನೆ' ಎಂದು ಮೊಟಕಾದರೂ ಒಳಗಿನ 'ಇರು' ಹಾಗೇ ಇದೆ. ನಾವು 'ಇರು' ಹಾಕುವ ಜಾಗಕ್ಕೆ ಇಂಗ್ಲಿಷಿನವರು 'ಹ್ಯಾವ್' ಹಾಕುತ್ತಾರೆ. ನನ್ನ ಹತ್ತಿರ ದುಡ್ಡಿದೆ, ಮನೆಯಿದೆ ಎನ್ನುವಾಗಿನ ಹ್ಯಾವ್ ಅರ್ಥವನ್ನು ಇಲ್ಲಿಗೆ ತರಬಾರದು. ಇಲ್ಲಿ ಅದರ ಕೆಲಸ ಒಂದೇ, ಹಿಂದೆ ನಡೆದದ್ದರ ತುದಿಯನ್ನು ಈ ಹೊತ್ತಿಗೆ ಕಟ್ಟುವುದು.

ಪರೀಕ್ಷೆ ಮಾಡುವ ಕ್ರಮ

ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಇಟ್ಟುಕೊಳ್ಳಿ. ಅದನ್ನು 'ಇಲ್ಲ'ಕ್ಕೆ ತಿರುಗಿಸಿ. ಸಹಜವಾಗಿ ಬಂದದ್ದು ಮಾಡಿಲ್ಲ, ನೋಡಿಲ್ಲ, ಹೋಗಿಲ್ಲ ಎಂಬ ಜಾತಿಯದಾದರೆ ಇಂಗ್ಲಿಷಿನಲ್ಲಿ ಹ್ಯಾವ್. ಮಾಡಲಿಲ್ಲ, ನೋಡಲಿಲ್ಲ, ಹೋಗಲಿಲ್ಲ ಎಂಬ ಜಾತಿಯದಾದರೆ ಸಿಂಪಲ್ ಪಾಸ್ಟ್.

ಯಾಕೆ 'ಇಲ್ಲ'ಕ್ಕೇ ತಿರುಗಿಸಬೇಕು? ಹೌದು ಎನ್ನುವ ವಾಕ್ಯಗಳಲ್ಲಿ ಕನ್ನಡ ಅಷ್ಟು ಕಟ್ಟುನಿಟ್ಟಲ್ಲ. ಮಧ್ಯಾಹ್ನ ಎದುರಿಗೆ ಸಿಕ್ಕವರನ್ನು "ಊಟ ಆತಾ?" ಎಂದು ಕೇಳುತ್ತೇವೆ. ರೂಪ ನೋಡಿದರೆ ಅದು ಸಾದಾ ಭೂತಕಾಲ, ಹಾಗಾಗಿ "ಡಿಡ್ ಯೂ ಟೇಕ್ ಲಂಚ್?" ಎಂದು ಬಾಯಿಗೆ ಬರುತ್ತದೆ. ಈಗ ಉತ್ತರವನ್ನು ನೋಡಿ. ಊಟ ಆಗದವರು "ಇಲ್ಲ, ಇನ್ನೂ ಆಗಿಲ್ಲ" ಅನ್ನುತ್ತಾರೆ. ಆ ಹೊತ್ತಿನಲ್ಲಿ "ಆಗಲಿಲ್ಲ" ಎಂದು ಯಾರೂ ಅನ್ನುವುದಿಲ್ಲ, ಅಂದರೆ ಆವತ್ತಿನ ಊಟವೇ ತಪ್ಪಿಹೋಯಿತು ಎಂದಾಗುತ್ತದೆ. 'ಆಗಿಲ್ಲ' ಬಂದದ್ದರಿಂದ ಇಂಗ್ಲಿಷಿನಲ್ಲಿ ಹ್ಯಾವ್: "ಹ್ಯಾವ್ ಯೂ ಹ್ಯಾಡ್ ಲಂಚ್?" ಇಲ್ಲಿ 'ಹ್ಯಾಡ್' ಎಂಬುದು ಊಟ ಮಾಡು ಎಂಬ ಅರ್ಥದ ಹ್ಯಾವ್‌ನ ಮೂರನೇ ರೂಪ. ಎರಡು ಹ್ಯಾವ್ ಒಟ್ಟಿಗೆ ಬಂದವಲ್ಲ ಎಂದು ಹೆದರಬೇಕಾಗಿಲ್ಲ.

ಬಸ್ ಸ್ಟ್ಯಾಂಡಿನಲ್ಲೂ ಇದೇ ಆಗುತ್ತದೆ. "ಅಣ್ಣಾ, ಹೊಳಲ್ಕೆರೆ ಬಸ್ ಹೋತಾ?" ಎಂದು ಕೇಳಿದರೆ "ಇಲ್ಲ, ಹೋಗಿಲ್ಲ" ಎಂಬ ಉತ್ತರ ಬರುತ್ತದೆ. ಆದ್ದರಿಂದ "ಹ್ಯಾಸ್ ದ ಹೊಳಲ್ಕೆರೆ ಬಸ್ ಲೆಫ್ಟ್?" ಸರಿ. ಹೋಗಿದ್ದರೆ "ಇಟ್ ಹ್ಯಾಸ್ ಜಸ್ಟ್ ಲೆಫ್ಟ್", ಈಗತಾನೇ ಹೋತು. "ಇದೇ ಈಗ ಹತ್ತು ನಿಮಿಷದ ಹಿಂದೆ ಹೋತು" ಎಂದು ಹೊತ್ತು ಹೇಳಿದ ತಕ್ಷಣ ಹ್ಯಾಸ್ ಬಿದ್ದುಹೋಗುತ್ತದೆ: "ಇಟ್ ಲೆಫ್ಟ್ ಟೆನ್ ಮಿನಿಟ್ಸ್ ಅಗೋ."

ಈ ಪರೀಕ್ಷೆಗೆ ಎರಡು ಎಚ್ಚರಿಕೆ ಬೇಕು. ಒತ್ತಿ ಹೇಳುವಾಗ ನಾವು "ನಿನ್ನೆ ಅವನು ಬಂದೇ ಇಲ್ಲ" ಅನ್ನುವುದುಂಟು. ಅದು ಒತ್ತಿನ ಮಾತು, ಅಳತೆಗೆ ಅದನ್ನು ಇಟ್ಟುಕೊಳ್ಳಬಾರದು. ಇನ್ನೊಂದು, ಆಗುವ ಮೊದಲೇ ಆಯಿತೆನ್ನುವ ನಮ್ಮ ರೂಢಿ. ಒಳಗಿಂದ ಅಮ್ಮ ಕರೆದರೆ "ಬಂದೆ ಬಂದೆ" ಅನ್ನುತ್ತೇವೆ, ಕೂತಲ್ಲಿಂದ ಇನ್ನೂ ಎದ್ದಿರುವುದಿಲ್ಲ. ದೂರದ ತಿರುವಿನಲ್ಲಿ ಬಸ್ ಕಂಡರೆ "ಬಸ್ ಬಂತು, ಬ್ಯಾಗ್ ತಗೋ" ಅನ್ನುತ್ತೇವೆ. ಇವು ಇಂಗ್ಲಿಷಿಗೆ ಹೋದಾಗ ಭೂತಕಾಲವೂ ಅಲ್ಲ, ಹ್ಯಾವ್ ಕೂಡ ಅಲ್ಲ. "ಐ ಆಮ್ ಕಮಿಂಗ್", "ದ ಬಸ್ ಈಸ್ ಕಮಿಂಗ್" ಎಂದಾಗುತ್ತವೆ.

ಹೊತ್ತು ಹೇಳಿದರೆ ಹ್ಯಾವ್ ಇಲ್ಲ

ಯೆಸ್ಟರ್‌ಡೇ, ಲಾಸ್ಟ್ ವೀಕ್, ಅಗೋ, ಇನ್ 2019, ಆನ್ ಮಂಡೇ, ವೆನ್ ಐ ವಾಸ್ ಎ ಚೈಲ್ಡ್. ಮುಗಿದುಹೋದ ಹೊತ್ತನ್ನು ಬೆರಳಿಟ್ಟು ತೋರಿಸುವ ಇಂಥ ಮಾತು ವಾಕ್ಯದಲ್ಲಿದ್ದರೆ ಹ್ಯಾವ್ ಬರುವುದಿಲ್ಲ. ಹ್ಯಾವ್ ಈ ಹೊತ್ತನ್ನು ಹಿಡಿದಿರುತ್ತದೆ, ಯೆಸ್ಟರ್‌ಡೇ ಮುಗಿದ ಹೊತ್ತಿಗೆ ಎಳೆಯುತ್ತದೆ, ಒಂದೇ ವಾಕ್ಯ ಎರಡು ಕಡೆ ಜಗ್ಗಿದಂತಾಗುತ್ತದೆ. 'ವೆನ್' ಎಂದು ಕೇಳುವ ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆ, ಯಾಕೆಂದರೆ ಅದು ಕೇಳುವುದೇ ಹೊತ್ತನ್ನು. "ವೆನ್ ಹ್ಯಾವ್ ಯೂ ಕಮ್?" ಅಲ್ಲ, "ವೆನ್ ಡಿಡ್ ಯೂ ಕಮ್?"

ಉದ್ಯೋಗಕ್ಕೆ ಅರ್ಜಿ ಹಾಕುವವರ ಬಯೋಡೇಟಾದಲ್ಲಿ ಈ ತಪ್ಪು ಮೊದಲ ಸಾಲಿನಲ್ಲೇ ಕೂತಿರುತ್ತದೆ: "ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಇ. ಇನ್ 2023." ಇಸವಿ ಬೇಕಿದ್ದರೆ "ಐ ಕಂಪ್ಲೀಟೆಡ್ ಮೈ ಬಿ.ಇ. ಇನ್ 2023." ಇಸವಿ ಬೇಡ, ಓದು ಮುಗಿದಿದೆ ಎಂದಷ್ಟೇ ಹೇಳುವುದಾದರೆ "ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಇ." ಎರಡೂ ಒಳ್ಳೆಯ ವಾಕ್ಯಗಳೇ. ಎರಡನ್ನೂ ಬೆಸೆದಾಗ ಮಾತ್ರ ಕೆಡುತ್ತದೆ.

ಟುಡೇ, ದಿಸ್ ವೀಕ್, ದಿಸ್ ಮಾರ್ನಿಂಗ್ ಇವುಗಳ ವಿಷಯ ಸ್ವಲ್ಪ ನಾಜೂಕು. ಬೆಳಿಗ್ಗೆ ಹತ್ತಕ್ಕೆ ಮಾತಾಡುವಾಗ ಬೆಳಗು ಇನ್ನೂ ಮುಗಿದಿಲ್ಲ, ಆಗ "ಐ ಹ್ಯಾವ್ ಕಾಲ್ಡ್ ಹಿಮ್ ಟ್ವೈಸ್ ದಿಸ್ ಮಾರ್ನಿಂಗ್" ಎನ್ನಬಹುದು. ಸಂಜೆ ನಾಲ್ಕಕ್ಕೆ ಅದೇ ಸಂಗತಿ ಹೇಳುವಾಗ ಬೆಳಗು ಮುಗಿದಿದೆ, "ಐ ಕಾಲ್ಡ್ ಹಿಮ್ ಟ್ವೈಸ್ ದಿಸ್ ಮಾರ್ನಿಂಗ್" ಎನ್ನಬೇಕು. ಪದ ಒಂದೇ, ಬದಲಾದದ್ದು ಗಡಿಯಾರ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಈ ಇಡೀ ವ್ಯವಸ್ಥೆಗೆ ಒಂದು ಒಳ್ಳೆಯ ನಿದರ್ಶನ. ನಮ್ಮ ಜನ ಮಾರಿಕಣಿವೆ ಎಂದು ಕರೆಯುವ ಈ ಅಣೆಕಟ್ಟು 1933ರಲ್ಲಿ ಕೋಡಿಬಿದ್ದಿತ್ತು, ಆಮೇಲೆ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ಇಸವಿ ಹೇಳುವಾಗ "ದ ಡ್ಯಾಮ್ ಓವರ್‌ಫ್ಲೋಡ್ ಇನ್ 2022." ಇಸವಿ ಬಿಟ್ಟು ಇವತ್ತಿನ ತನಕದ ಲೆಕ್ಕ ಹೇಳುವಾಗ "ದ ಡ್ಯಾಮ್ ಹ್ಯಾಸ್ ಓವರ್‌ಫ್ಲೋಡ್ ಮೋರ್ ದ್ಯಾನ್ ಒನ್ಸ್." ಮುಂದೆಯೂ ಬೀಳಬಹುದು, ಲೆಕ್ಕ ತೆರೆದೇ ಇದೆ, ಆದ್ದರಿಂದ ಹ್ಯಾಸ್. ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ವಶವಾದದ್ದು ಮುಚ್ಚಿದ ಲೆಕ್ಕ: "ಹೈದರ್ ಅಲಿ ಕ್ಯಾಪ್ಚರ್ಡ್ ದ ಫೋರ್ಟ್ ಇನ್ 1779." ಇಸವಿ ತೆಗೆದರೂ ಇಲ್ಲಿ "ಹ್ಯಾಸ್ ಕ್ಯಾಪ್ಚರ್ಡ್" ಆಗುವುದಿಲ್ಲ. ಹಾಗೆಂದರೆ ಕೇಳಿದವರಿಗೆ ಅದು ಈಗ ಬಂದ ಸುದ್ದಿಯಂತೆ ಕೇಳುತ್ತದೆ.

ಮಾತುಕತೆಯಲ್ಲಿ ಎರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲು ಹ್ಯಾವ್ ಬಾಗಿಲು ತೆರೆಯುತ್ತದೆ, ವಿವರಕ್ಕೆ ಇಳಿದ ಕೂಡಲೇ ಸಿಂಪಲ್ ಪಾಸ್ಟ್ ಶುರುವಾಗುತ್ತದೆ. ಊರಿಗೆ ಬಂದ ನೆಂಟರನ್ನು ಮಾತಾಡಿಸುವ ರೀತಿ ನೋಡಿ:

"ಹ್ಯಾವ್ ಯೂ ಎವರ್ ಈಟನ್ ದಾವಣಗೆರೆ ಬೆಣ್ಣೆದೋಸೆ?"
"ಯೆಸ್, ಐ ಹ್ಯಾವ್."
"ವೇರ್ ಡಿಡ್ ಯೂ ಈಟ್ ಇಟ್?"
"ಐ ಏಟ್ ಇಟ್ ಇನ್ ಬೆಂಗಳೂರು ಲಾಸ್ಟ್ ಇಯರ್."
"ದೆನ್ ಯೂ ಹ್ಯಾವ್ ನಾಟ್ ಈಟನ್ ಇಟ್!"

ಮೊದಲ ಪ್ರಶ್ನೆ "ತಿಂದಿದ್ದೀರಾ?" ಎಂಬುದು, ಇಷ್ಟು ಬದುಕಿನಲ್ಲಿ ಒಮ್ಮೆಯಾದರೂ ಎಂಬ ಅರ್ಥ. ಎರಡನೆಯದು ಆ ಒಂದು ಸಲದ ವಿವರ, "ಎಲ್ಲಿ ತಿಂದ್ರಿ?" ಕೊನೆಯ ಸಾಲು "ಹಂಗಾದ್ರೆ ನೀವು ತಿಂದಿಲ್ಲ ಬಿಡ್ರಿ" ಎಂದು ಮತ್ತೆ ಇಡೀ ಬದುಕಿನ ಲೆಕ್ಕಕ್ಕೆ ಮರಳುತ್ತದೆ. ದಾವಣಗೆರೆಯಲ್ಲಿ ಕಾವಲಿಯಿಂದ ಇಳಿದ ದೋಸೆ ಬೇರೆ ಎನ್ನುವವರಿಗೆ ಇಂಗ್ಲಿಷಿನಲ್ಲೂ ಅದನ್ನು ಹೇಳಲು ಹ್ಯಾವ್ ಬೇಕೇಬೇಕು.

'ಎವರ್' ಎಂದರೆ ಎಂದಾದರೂ, 'ನೆವರ್' ಎಂದರೆ ಯಾವತ್ತೂ ಇಲ್ಲ. ನೆವರ್ ಒಳಗೇ 'ಇಲ್ಲ' ಇರುವುದರಿಂದ "ಐ ಹ್ಯಾವ್ ನಾಟ್ ನೆವರ್" ಎಂದು ಎರಡೆರಡು ಹಾಕಬಾರದು. 'ಆಲ್ರೆಡಿ' ಹೌದು ಎನ್ನುವ ವಾಕ್ಯಕ್ಕೆ, 'ಯೆಟ್' ಪ್ರಶ್ನೆಗೂ ಇಲ್ಲ ಎನ್ನುವ ವಾಕ್ಯಕ್ಕೂ ಹೊಂದುತ್ತವೆ. ಅಮೆರಿಕದವರು ಮಾತಿನಲ್ಲಿ "ಐ ಆಲ್ರೆಡಿ ಏಟ್", "ಡಿಡ್ ಯೂ ಈಟ್ ಯೆಟ್?" ಎಂದು ಹ್ಯಾವ್ ಬಿಡುವುದುಂಟು. ಅವರ ಮಾತಿನಲ್ಲಿ ಅದು ತಪ್ಪಲ್ಲ. ನಮ್ಮ ಪಠ್ಯಪುಸ್ತಕಗಳ ಇಂಗ್ಲಿಷ್ ಬ್ರಿಟಿಷ್ ಜಾಡಿನದು, ಪರೀಕ್ಷೆಯಲ್ಲಿ ಹ್ಯಾವ್ ಹಾಕುವುದೇ ಕ್ಷೇಮ.

"ನಿನ್ನೆ ಹೋಗಿದ್ದೆ" ಎಂಬ ದೊಡ್ಡ ಗುಂಡಿ

ಕನ್ನಡಿಗರ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ತಪ್ಪು ಹ್ಯಾಡ್‌ನದು. ಅದು ಓದಿನ ಕೊರತೆಯಿಂದ ಬಂದದ್ದಲ್ಲ, ಕನ್ನಡ ಚೆನ್ನಾಗಿ ಬರುವುದರಿಂದಲೇ ಬಂದದ್ದು.

"ನಿನ್ನೆ ದುರ್ಗಕ್ಕೆ ಹೋಗಿದ್ದೆ." ಹೋದವರು ಹಿಂದಿರುಗಿ ಬಂದಿದ್ದಾರೆ, ಇಲ್ಲಿ ನಮ್ಮ ಮುಂದೆ ಕೂತಿದ್ದಾರೆ. ಹೋದದ್ದರ ಫಲ ಅಳಿಸಿಹೋಗಿದೆ ಎನ್ನುವುದನ್ನು ಹೇಳಲು ಕನ್ನಡ 'ಇದ್ದೆ'ಯನ್ನು ಬಳಸುತ್ತದೆ. "ಮನೆಗೆ ಮಾವ ಬಂದಿದ್ದರು" ಅಂದರೆ ಬಂದು ಹೋದರು. "ನಿಮಗೆ ಫೋನ್ ಮಾಡಿದ್ದೆ" ಅಂದರೆ ಮಾಡಿದೆ, ನೀವು ಎತ್ತಲಿಲ್ಲ, ಅದು ಮುಗಿದ ಸಂಗತಿ. ಇಷ್ಟು ಸೂಕ್ಷ್ಮವಾದ ಉಪಯೋಗವನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಿದಾಗ "ಐ ಹ್ಯಾಡ್ ಗಾನ್ ಟು ಚಿತ್ರದುರ್ಗ ಯೆಸ್ಟರ್‌ಡೇ", "ಮೈ ಅಂಕಲ್ ಹ್ಯಾಡ್ ಕಮ್", "ಐ ಹ್ಯಾಡ್ ಕಾಲ್ಡ್ ಯೂ" ಎಂದಾಗುತ್ತದೆ.

ಇಂಗ್ಲಿಷಿನ ಹ್ಯಾಡ್‌ಗೆ ಈ ಕೆಲಸ ಗೊತ್ತಿಲ್ಲ. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಇನ್ನೂ ಹಿಂದಿನದು ಎಂದು ತೋರಿಸುವುದಷ್ಟೇ ಅದರ ಕೆಲಸ. ಹಾಗಾಗಿ "ಐ ಹ್ಯಾಡ್ ಗಾನ್ ಟು ಚಿತ್ರದುರ್ಗ" ಎಂದು ನಿಲ್ಲಿಸಿದರೆ ಕೇಳುವವರು ಎರಡನೆಯ ಸಂಗತಿಗೆ ಕಾಯುತ್ತಾರೆ. ಹೋಗಿ ಆಗಿತ್ತು, ಸರಿ, ಆಮೇಲೆ ಏನಾಯಿತು? ಆ ಎರಡನೆಯದು ಬರುವುದೇ ಇಲ್ಲ. "ಐ ವೆಂಟ್ ಟು ಚಿತ್ರದುರ್ಗ ಯೆಸ್ಟರ್‌ಡೇ", "ಮೈ ಅಂಕಲ್ ಕೇಮ್ ಹೋಮ್ ಯೆಸ್ಟರ್‌ಡೇ", "ಐ ಕಾಲ್ಡ್ ಯೂ" ಇಷ್ಟೇ ಸಾಕು. ಹೋಗಿ ಬಂದದ್ದು, ಬಂದು ಹೋದದ್ದು ಸಂದರ್ಭದಿಂದ ತಿಳಿಯುತ್ತದೆ.

ಹ್ಯಾಡ್ ಸರಿಯಾಗುವ ಜಾಗ ಇದು: "ನಾನು ಸ್ಟೇಷನ್ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು." ಮುಟ್ಟಿದ್ದು ಹಿಂದೆ, ರೈಲು ಹೋದದ್ದು ಅದಕ್ಕೂ ಹಿಂದೆ. "ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್." ಇಲ್ಲಿ ಹ್ಯಾಡ್ ತೆಗೆದು "ದ ಟ್ರೇನ್ ಲೆಫ್ಟ್" ಎಂದರೆ ಅರ್ಥವೇ ಬದಲಾಗುತ್ತದೆ: ನಾನು ಮುಟ್ಟಿದೆ, ನನ್ನ ಕಣ್ಣೆದುರಿಗೇ ರೈಲು ಹೊರಟಿತು. ಹ್ಯಾಡ್ ಇದ್ದರೆ ಪ್ಲಾಟ್‌ಫಾರ್ಮ್ ಖಾಲಿ, ಇಲ್ಲದಿದ್ದರೆ ಕೊನೆಯ ಬೋಗಿ ಇನ್ನೂ ಕಾಣುತ್ತಿದೆ.

ಇಲ್ಲಿಗೂ ನಮ್ಮ 'ಇಲ್ಲ' ಪರೀಕ್ಷೆ ಒದಗುತ್ತದೆ. "ನಿನ್ನೆ ದುರ್ಗಕ್ಕೆ ಹೋಗಿರಲಿಲ್ಲ" ಅಂದರೂ "ನಿನ್ನೆ ದುರ್ಗಕ್ಕೆ ಹೋಗಲಿಲ್ಲ" ಅಂದರೂ ಸಂಗತಿ ಒಂದೇ. ಹೀಗೆ ಎರಡೂ ಒಂದೇ ಆದರೆ ಹ್ಯಾಡ್ ಬೇಡ. "ನಾನು ಮುಟ್ಟಿದಾಗ ರೈಲು ಹೋಗಿರಲಿಲ್ಲ" ಎಂಬುದಕ್ಕೂ "ನಾನು ಮುಟ್ಟಿದಾಗ ರೈಲು ಹೋಗಲಿಲ್ಲ" ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ರೈಲು ಸಿಕ್ಕಿತು, ಎರಡನೆಯದರಲ್ಲಿ ರೈಲು ಕೆಟ್ಟು ನಿಂತಿತೋ ಏನೋ. ಅರ್ಥ ಬದಲಾಗುವ ಕಡೆ ಮಾತ್ರ ಹ್ಯಾಡ್.

'ಬಿಫೋರ್', 'ಆಫ್ಟರ್' ಇದ್ದರೆ ಹಿಂದುಮುಂದನ್ನು ಆ ಪದಗಳೇ ಹೇಳುವುದರಿಂದ ಹ್ಯಾಡ್ ಇಲ್ಲದೆಯೂ ನಡೆಯುತ್ತದೆ: "ದ ಟ್ರೇನ್ ಲೆಫ್ಟ್ ಬಿಫೋರ್ ಐ ರೀಚ್ಡ್ ದ ಸ್ಟೇಷನ್." ಮತ್ತೆ ಮಾರಿಕಣಿವೆಗೆ ಹೋಗುವುದಾದರೆ, "ವೆನ್ ದ ಡ್ಯಾಮ್ ಓವರ್‌ಫ್ಲೋಡ್ ಇನ್ 2022, ಇಟ್ ಹ್ಯಾಡ್ ನಾಟ್ ಓವರ್‌ಫ್ಲೋಡ್ ಸಿನ್ಸ್ 1933." 2022ರಲ್ಲಿ ನಿಂತು ಇನ್ನೂ ಹಿಂದಕ್ಕೆ ನೋಡಿದ್ದರಿಂದ ಹ್ಯಾಡ್. ಆ 89 ವರ್ಷದ ಕಾಯುವಿಕೆ ಆ ಒಂದು ಪದದಲ್ಲಿದೆ.

ಒಂದೇ 'ಇಂದ', ಎರಡು ಪದ

"ಸೋಮವಾರದಿಂದ ಜ್ವರ." "ಮೂರು ದಿನದಿಂದ ಜ್ವರ." ಕನ್ನಡಕ್ಕೆ ಎರಡೂ 'ಇಂದ'ವೇ. ಇಂಗ್ಲಿಷ್ ಇಲ್ಲಿ ಕವಲೊಡೆಯುತ್ತದೆ. ಶುರುವಾದ ಜಾಗ ಹೇಳಿದರೆ 'ಸಿನ್ಸ್', ಉದ್ದ ಹೇಳಿದರೆ 'ಫಾರ್'. ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್, ಸಿನ್ಸ್ 1997, ಸಿನ್ಸ್ ಯುಗಾದಿ, ಸಿನ್ಸ್ ಚೈಲ್ಡ್‌ಹುಡ್. ಫಾರ್ ತ್ರೀ ಡೇಸ್, ಫಾರ್ ಟೂ ಇಯರ್ಸ್, ಫಾರ್ ಎ ಲಾಂಗ್ ಟೈಮ್.

ಗುರುತು ಹಿಡಿಯಲು ಪದದ ಮುಂದೆ 'ಕಾಲ' ಸೇರಿಸಿ ನೋಡಿ. 'ಮೂರು ದಿನಗಳ ಕಾಲ' ಆಗುತ್ತದೆ, ಆದ್ದರಿಂದ ಫಾರ್. 'ಸೋಮವಾರದ ಕಾಲ' ಆಗುವುದಿಲ್ಲ, ಆದ್ದರಿಂದ ಸಿನ್ಸ್. ಪ್ರಶ್ನೆಯಿಂದಲೂ ಗೊತ್ತಾಗುತ್ತದೆ: 'ಯಾವಾಗಿನಿಂದ?' ಎಂಬುದಕ್ಕೆ ಉತ್ತರವಾದರೆ ಸಿನ್ಸ್, 'ಎಷ್ಟು ದಿನದಿಂದ?' ಎಂಬುದಕ್ಕಾದರೆ ಫಾರ್.

ಪದ ಸರಿಯಾದರೂ ಕ್ರಿಯಾಪದ ತಪ್ಪಬಹುದು. "ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೇನೆ" ಎಂಬುದರಲ್ಲಿ ಕನ್ನಡ ವರ್ತಮಾನವನ್ನು ಬಳಸುತ್ತದೆ. ಅದರಿಂದ "ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್" ಹುಟ್ಟುತ್ತದೆ. ಸಂದರ್ಶನಗಳಲ್ಲಿ ಇಷ್ಟು ಸಲ ಕೇಳಿಬರುವ ವಾಕ್ಯ ಬೇರೆ ಇರಲಾರದು, ಇದರಲ್ಲಿ ಎರಡು ತಪ್ಪಿವೆ. ಉದ್ದಕ್ಕೆ ಸಿನ್ಸ್ ಹಾಕಿದ್ದು ಒಂದು. ಇನ್ನೊಂದು 'ಆಮ್'. ಮೂರು ವರ್ಷದ ಹಿಂದೆ ಶುರುವಾಗಿ ಈ ಹೊತ್ತಿನವರೆಗೆ ಹರಿದುಬಂದದ್ದನ್ನು ಇಂಗ್ಲಿಷ್ ಹ್ಯಾವ್‌ನಿಂದಲೇ ಕಟ್ಟುತ್ತದೆ, ಬರೀ ಆಮ್ ಈಗಿನ ಕ್ಷಣವನ್ನಷ್ಟೇ ಹಿಡಿಯುತ್ತದೆ. "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್." ಹ್ಯಾವ್, ಬೀನ್, ಆಮೇಲೆ 'ಇಂಗ್' ಹಚ್ಚಿದ ಕ್ರಿಯಾಪದ, ಈ ಮೂರೂ ಇದೇ ಸಾಲಿನಲ್ಲಿ ಬರಬೇಕು.

ಗೊತ್ತಿರುವುದು, ಇರುವುದು, ಇಷ್ಟಪಡುವುದು ಇವು ಕೆಲಸಗಳಲ್ಲ, ಸ್ಥಿತಿಗಳು. ಇವಕ್ಕೆ 'ಇಂಗ್' ಸೇರುವುದಿಲ್ಲ. "ಹತ್ತು ವರ್ಷದಿಂದ ಅವರು ನನಗೆ ಗೊತ್ತು" ಎಂಬುದು "ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್". "ಹ್ಯಾವ್ ಬೀನ್ ನೋಯಿಂಗ್" ಎಂಬುದಿಲ್ಲ.

ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ, ಈಗಲೂ ಜಿಲ್ಲೆಯೇ: "ದಾವಣಗೆರೆ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997." ಹರಪನಹಳ್ಳಿ ತಾಲ್ಲೂಕು ಆಗ ದಾವಣಗೆರೆಗೆ ಸೇರಿ, ಸುಮಾರು ಇಪ್ಪತ್ತು ವರ್ಷ ಇದ್ದು, ಆಮೇಲೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆ ಇಪ್ಪತ್ತು ವರ್ಷ ಮುಗಿದಿರುವುದರಿಂದ "ಹರಪನಹಳ್ಳಿ ವಾಸ್ ಇನ್ ದಾವಣಗೆರೆ ಡಿಸ್ಟ್ರಿಕ್ಟ್ ಫಾರ್ ಅಬೌಟ್ ಟ್ವೆಂಟಿ ಇಯರ್ಸ್." ಫಾರ್ ಇದ್ದ ಮಾತ್ರಕ್ಕೆ ಹ್ಯಾವ್ ಬರುವುದಿಲ್ಲ ಎನ್ನುವುದನ್ನು ಗಮನಿಸಿ. ಆ ಉದ್ದದ ಈಚೆಯ ತುದಿ ಇವತ್ತನ್ನು ಮುಟ್ಟಬೇಕು.

"ಕಾಲೇಜು ಬಿಟ್ಟು ಮೂರು ವರ್ಷ ಆಯ್ತು" ಎಂಬ ಧಾಟಿಗೆ "ಇಟ್ ಹ್ಯಾಸ್ ಬೀನ್ ತ್ರೀ ಇಯರ್ಸ್ ಸಿನ್ಸ್ ಐ ಲೆಫ್ಟ್ ಕಾಲೇಜ್". 'ಆಯ್ತು' ಎಂಬುದನ್ನು ನೋಡಿ ಮೋಸಹೋಗಬೇಡಿ. 'ಇನ್ನೂ ಮೂರು ವರ್ಷ ಆಗಿಲ್ಲ' ಎಂದೇ ಅದು ತಿರುಗುತ್ತದೆ.

ಹೋದವರು, ಹೋಗಿಬಂದವರು

"ಅವರು ಮೈಸೂರಿಗೆ ಹೋಗಿದ್ದಾರೆ" ಅಂದರೆ ಊರಲ್ಲಿಲ್ಲ: "ಹೀ ಹ್ಯಾಸ್ ಗಾನ್ ಟು ಮೈಸೂರು." "ಅವರು ಎರಡು ಸಲ ಮೈಸೂರಿಗೆ ಹೋಗಿಬಂದಿದ್ದಾರೆ" ಅಂದರೆ "ಹೀ ಹ್ಯಾಸ್ ಬೀನ್ ಟು ಮೈಸೂರು ಟ್ವೈಸ್." ಎದುರಿಗೆ ಕೂತು "ಐ ಹ್ಯಾವ್ ಗಾನ್ ಟು ಮೈಸೂರು" ಎನ್ನುವುದು ಹೊಂದುವುದಿಲ್ಲ, ಅಲ್ಲಿಗೆ ಹೋದವರು ಇಲ್ಲಿ ಹೇಗೆ ಕೂತಿದ್ದೀರಿ ಎಂದಾಗುತ್ತದೆ. 'ಹೋಗಿಬಂದು' ಎಂದು ಕನ್ನಡದಲ್ಲಿ ಹೇಳಬಹುದಾದರೆ ಬೀನ್, ಬರೀ 'ಹೋಗಿ' ಆದರೆ ಗಾನ್.

ಕೇಳುವಾಗಿನ ತೊಡಕು ಬೇರೆಯದು. ಮಾತಿನ ಓಟದಲ್ಲಿ 'ಐ ಹ್ಯಾವ್' ಎಂಬುದು 'ಐವ್' ಆಗುತ್ತದೆ, 'ಹೀ ಹ್ಯಾಸ್' ಎಂಬುದು 'ಹೀಸ್'. 'ಹೀ ಈಸ್' ಕೂಡ 'ಹೀಸ್' ಆಗುವುದರಿಂದ ಮುಂದಿನ ಪದವೇ ನಿರ್ಣಯಿಸಬೇಕು. 'ಹೀಸ್ ಗೋಯಿಂಗ್' ಆದರೆ ಈಸ್, 'ಹೀಸ್ ಬೀನ್' ಆದರೆ ಹ್ಯಾಸ್. 'ಐಡ್' ಕೂಡ ಹಾಗೇ: 'ಐಡ್ ಸೀನ್' ಆದರೆ ಹ್ಯಾಡ್, 'ಐಡ್ ಸೀ' ಆದರೆ ವುಡ್. ಈ ಸಣ್ಣ 'ವ್' ಕಿವಿಗೆ ಬೀಳದೆ ಹೋದವರು "ಐ ಸೀನ್ ದ ಮೂವಿ" ಎಂದು ಬರೆಯುತ್ತಾರೆ. ಮೂರನೇ ರೂಪ ಒಂಟಿಯಾಗಿ ನಿಲ್ಲಲಾರದು.

ಒಂದು ಪತ್ರ, ಸಾಲು ಸಾಲಾಗಿ

ದಾವಣಗೆರೆಯ ಮೆಕ್ಕೆಜೋಳದ ಅಂಗಡಿಯಿಂದ ಹೊರ ರಾಜ್ಯದ ಖರೀದಿದಾರರಿಗೆ ಮಧ್ಯಾಹ್ನ ಮೂರು ಗಂಟೆಗೆ ಹೋಗುವ ಇ-ಮೇಲ್ ಹೀಗಿರುತ್ತದೆ ಎಂದುಕೊಳ್ಳಿ:

"ಸರ್, ಐ ಹ್ಯಾಡ್ ಸೆಂಟ್ ದ ಬಿಲ್ ಯೆಸ್ಟರ್‌ಡೇ. ದ ಲಾರಿ ಹ್ಯಾಸ್ ಲೆಫ್ಟ್ ದಾವಣಗೆರೆ ಅಟ್ ಟೆನ್ ಲಾಸ್ಟ್ ನೈಟ್. ವೀ ಹ್ಯಾವ್ ಕಾಲ್ಡ್ ದ ಡ್ರೈವರ್ ದಿಸ್ ಮಾರ್ನಿಂಗ್. ದ ಲಾರಿ ಡಿಡ್ ನಾಟ್ ಅರೈವ್ ಯೆಟ್. ವೀ ಆರ್ ಸಪ್ಲೈಯಿಂಗ್ ಮೇಝ್ ಟು ಯೂ ಸಿನ್ಸ್ ಫೈವ್ ಇಯರ್ಸ್."

ಮೊದಲ ಸಾಲಿನ ಹಿಂದೆ "ನಿನ್ನೆ ಬಿಲ್ ಕಳಿಸಿದ್ದೆ" ಇದೆ. ಕಳಿಸಿರಲಿಲ್ಲ ಎಂದರೂ ಕಳಿಸಲಿಲ್ಲ ಎಂದರೂ ಒಂದೇ ಆದ್ದರಿಂದ ಹ್ಯಾಡ್ ತೆಗೆಯಬೇಕು. ಎರಡನೆಯದರಲ್ಲಿ ಹತ್ತು ಗಂಟೆ, ಕಳೆದ ರಾತ್ರಿ ಎಂಬ ಹೊತ್ತಿದೆ, ಹ್ಯಾಸ್ ನಿಲ್ಲದು. ಮೂರನೆಯದರಲ್ಲಿ ಬರೆಯುವ ಹೊತ್ತಿಗೆ ಬೆಳಗು ಮುಗಿದಿದೆ. ನಾಲ್ಕನೆಯದು ಬಸ್ ಸ್ಟ್ಯಾಂಡಿನ ಮಾತೇ: ಲಾರಿ ಇನ್ನೂ ಬಂದಿಲ್ಲ, ಕಾಯುತ್ತಿದ್ದಾರೆ. ಐದನೆಯದು 'ಐದು ವರ್ಷಗಳ ಕಾಲ', ಇವತ್ತಿಗೂ ನಡೆಯುತ್ತಿರುವ ವ್ಯವಹಾರ.

"ಸರ್, ಐ ಸೆಂಟ್ ದ ಬಿಲ್ ಯೆಸ್ಟರ್‌ಡೇ. ದ ಲಾರಿ ಲೆಫ್ಟ್ ದಾವಣಗೆರೆ ಅಟ್ ಟೆನ್ ಲಾಸ್ಟ್ ನೈಟ್. ವೀ ಕಾಲ್ಡ್ ದ ಡ್ರೈವರ್ ದಿಸ್ ಮಾರ್ನಿಂಗ್. ದ ಲಾರಿ ಹ್ಯಾಸ್ ನಾಟ್ ಅರೈವ್ಡ್ ಯೆಟ್. ವೀ ಹ್ಯಾವ್ ಬೀನ್ ಸಪ್ಲೈಯಿಂಗ್ ಮೇಝ್ ಟು ಯೂ ಫಾರ್ ಫೈವ್ ಇಯರ್ಸ್."

ಸಂಜೆ ಲಾರಿ ಮುಟ್ಟಿದ ಕೂಡಲೇ ಆ ಕಡೆಯಿಂದ ಬರುವ ಮೊದಲ ಮೆಸೇಜು "ದ ಲಾರಿ ಹ್ಯಾಸ್ ಅರೈವ್ಡ್." ಎಷ್ಟೊತ್ತಿಗೆ ಬಂತು ಎಂದು ಕೇಳಿದರೆ, "ಇಟ್ ಅರೈವ್ಡ್ ಅಟ್ ಸಿಕ್ಸ್."